ತಣ್ಣಗಾಗ್ಲಿ ಮಾವನ ಬೆಂಚು

ಅಪ್ಪನ ಹೆಸರು ಹೇಳಿ ಅಂಗಡಿ ಎಲ್ಲಿ ಎಂದು ಕೇಳಿದರೆ ನಮ್ಮ ಬೀದಿಯವರೇ ತಲೆ ಕೆರೆದುಕೊಳ್ಳುತ್ತಾರೆ. ‘ತಣ್ಣಗಾಗ್ಲಿ ಮಾವ’ ಎಂದರೆ ಮಾತ್ರ ಚಹಾದಂಗಡಿಯವನಿಂದ ಹಿಡಿದು ಔಷಧಿ ಅಂಗಡಿಯವನವರೆಗೆ ಎಲ್ಲರ ಕೈಯೂ ಒಂದೇ ಕಡೆಗೆ ಏಳುತ್ತದೆ. ಪೆಟ್ರೋಲಿನಲ್ಲಿ ಓಡುವ ನೀರಿನ ಪಂಪುಗಳನ್ನು ರಿಪೇರಿ ಮಾಡುವುದು ಅಪ್ಪನ ಕಸುಬು, ಉಪದೇಶ ಮಾಡುವುದು ಅವನ ಚಟ. ಕಸುಬಿಗಿಂತ ಚಟಕ್ಕೇ ಹೆಚ್ಚು ಹೆಸರು ಬಂದಿದೆ ಎಂದು ಅಮ್ಮ ಆಡಿಕೊಳ್ಳುತ್ತಾಳೆ.

ಅಂಗಡಿಯ ಮುಂದೆ ಒಂದು ಮರದ ಬೆಂಚಿದೆ. ಓಡಿ ಓಡಿ ಬಿಸಿಯಾದ ಪಂಪನ್ನು ಗಾಡಿಯಲ್ಲಿ ಹೇರಿಕೊಂಡು ಬಂದು, ಪೆಟ್ರೋಲ್ ಹಾಕಿ ಒಂದು ಸಲ ಓಡಿಸಿ ತೋರಿಸಿ ಎಂದು ಯಾರಾದರೂ ಅವಸರಿಸಿದರೆ ಅಪ್ಪ ಮೊದಲು ಅವರನ್ನು ಆ ಬೆಂಚಿನ ಮೇಲೆ ಕೂರಿಸುತ್ತಾನೆ. ‘ತಣ್ಣಗಾಗ್ಲಿ’ ಎನ್ನುತ್ತಾನೆ, ಅಷ್ಟೇ. ಆಮೇಲೆ ಬೈದರೂ ಕೇಳುವುದಿಲ್ಲ, ಬೇಡಿಕೊಂಡರೂ ಕೇಳುವುದಿಲ್ಲ. ಟ್ಯಾಂಕಿನ ಮೇಲೆ ಅಂಗೈ ಇಟ್ಟು, ಸೈಲೆನ್ಸರ್ ಹತ್ತಿರ ಕೈಯೊಡ್ಡಿ ಕಾವು ಇಳಿದಿದೆ ಎಂದು ತನಗೆ ಸಮಾಧಾನವಾಗುವ ತನಕ ಪೆಟ್ರೋಲ್ ಕ್ಯಾನಿನ ಮುಚ್ಚಳ ತೆಗೆಯುವುದಿಲ್ಲ. ಬೆಂಚಿನ ಮೇಲಿನ ಗೋಡೆಗೆ ಕೆಂಪು ಬಣ್ಣದಲ್ಲಿ ‘ತಾಳಿದವನು ಬಾಳಿಯಾನು’ ಎಂದು ತಾನೇ ಬರೆದಿದ್ದಾನೆ. ಅಕ್ಷರ ಸೊಟ್ಟ, ಅರ್ಥ ನೇರ. ಮದುವೆಗೆ ಹೆಣ್ಣು ನೋಡಲು ಹೊರಟವನು ಇಲ್ಲಿ ಕೂತರೆ ಏಳುವ ಹೊತ್ತಿಗೆ ತಾತನಾಗಿರುತ್ತಾನೆ ಎಂದು ಗಿರಾಕಿಗಳು ತಮಾಷೆ ಮಾಡುತ್ತಾರೆ. ಅಪ್ಪ ನಗುತ್ತಾನೆ, ಮುಚ್ಚಳ ಮಾತ್ರ ತೆಗೆಯುವುದಿಲ್ಲ.

ನಾನು ಅಂಗಡಿಯ ಮುಂಭಾಗದಲ್ಲಿ ಕೂತು ವಾಷರ್, ಪ್ಲಗ್, ಪೈಪಿನ ಕ್ಲಿಪ್ಪು ಮಾರುತ್ತೇನೆ. ಅಪ್ಪನ ಪಾಠ ಕೇಳಿ ಕೇಳಿ ನಿದ್ದೆಯಲ್ಲಿ ಎಬ್ಬಿಸಿದರೂ ಒಪ್ಪಿಸಬಲ್ಲೆ. ಪಂಪು ಸಮನಾದ ನೆಲದ ಮೇಲೆ ಕೂರಬೇಕು. ಸ್ಟಾರ್ಟ್ ಮಾಡುವ ಮೊದಲು ಅದರ ಹೊಟ್ಟೆಗೆ ನೀರು ತುಂಬಬೇಕು, ಒಣ ಹೊಟ್ಟೆಯಲ್ಲಿ ಓಡಿಸಿದರೆ ಒಳಗಿನ ಸೀಲು ಸುಟ್ಟುಹೋಗುತ್ತದೆ. ಪೆಟ್ರೋಲ್ ತುಳುಕುವ ಹಾಗೆ ಹಾಕಬಾರದು, ಎರಡು ಬೆರಳು ಜಾಗ ಬಿಡಬೇಕು. ಚೆಲ್ಲಿದರೆ ಒರೆಸಿ, ಪಂಪನ್ನು ಅಲ್ಲಿಂದ ದೂರ ಒಯ್ದು ಆಮೇಲೆ ಹಗ್ಗ ಎಳೆಯಬೇಕು. ಮುಚ್ಚಿದ ಕೋಣೆಯಲ್ಲಿ, ಬಾವಿಯೊಳಗೆ ಇಳಿಸಿ ಓಡಿಸಲೇಬಾರದು. ಹೊಗೆ ಕಣ್ಣಿಗೆ ಕಾಣದೆಯೇ ಮನುಷ್ಯನನ್ನು ಮಲಗಿಸಿಬಿಡುತ್ತದೆ. ಇಷ್ಟನ್ನೂ ಅಪ್ಪ ಹೊಸ ಗಿರಾಕಿಗೂ ಹೇಳುತ್ತಾನೆ, ಕೇಳಿ ಕಿವಿ ತೂತಾದ ಹಳೆಯ ಗಿರಾಕಿಗೂ ಹೇಳುತ್ತಾನೆ.

‘ಹೇಳೋದು ಶಾಸ್ತ್ರ, ತಿನ್ನೋದು ಬದನೆಕಾಯಿ’ ಎನ್ನುವ ಗಾದೆ ನಮ್ಮ ಅಪ್ಪನಿಗೆ ಒಂದು ದಿನ ಹೊಂದುತ್ತದೆ ಎಂದು ಯಾರಾದರೂ ಹೇಳಿದ್ದರೆ ನಾನು ಅವರ ಜೊತೆ ಜಗಳಕ್ಕೇ ನಿಲ್ಲುತ್ತಿದ್ದೆ.

ನಮ್ಮ ಚಿಕ್ಕಮ್ಮ, ಎಂದರೆ ಅಮ್ಮನ ತಂಗಿ, ತನ್ನ ಮನೆಯ ಹಿಂದೆ ನರ್ಸರಿ ಇಟ್ಟಿದ್ದಾಳೆ. ಗುಲಾಬಿ, ದಾಸವಾಳ, ಮಾವಿನ ಕಸಿ, ನಿಂಬೆ ಸಸಿ. ಪಕ್ಕದ ಹೊಂಡದಿಂದ ನೀರೆತ್ತಲು ಒಂದು ಪಂಪು. ಅವಳ ನೆನಪಿನ ಶಕ್ತಿ ನಮ್ಮ ಮನೆತನದಲ್ಲೇ ಪ್ರಸಿದ್ಧ. ಯಾವ ಕುಂಡ ಯಾವ ಸಾಲಿನಲ್ಲಿದೆ, ಹೋದ ವರ್ಷ ಬಿಳಿ ದಾಸವಾಳ ಕೊಂಡವರು ಯಾರು, ಅವರು ಚೌಕಾಸಿ ಮಾಡುವಾಗ ಯಾವ ಸುಳ್ಳು ಹೇಳಿದರು, ಎಲ್ಲ ಅವಳ ನಾಲಿಗೆಯ ತುದಿಯಲ್ಲಿ. ಅಪ್ಪನ ಪಾಠವನ್ನು ಅಕ್ಷರ ತಪ್ಪದೆ ಪಾಲಿಸುವ ಏಕೈಕ ಶಿಷ್ಯೆಯೂ ಅವಳೇ. ಭಾವ ಹೇಳಿದರೆ ಮುಗಿಯಿತು.

ಹೋದ ಬೇಸಿಗೆಯ ಆರಂಭದಲ್ಲಿ ಆ ಪಂಪು ಸರ್ವಿಸಿಗೆ ಬಂತು. ಅಪ್ಪ ಆಯಿಲ್ ಬದಲಿಸಿದ, ಪ್ಲಗ್ ಉಜ್ಜಿದ, ಏರ್ ಫಿಲ್ಟರ್ ತೊಳೆದ. ಉಳಿದದ್ದು ಟ್ಯಾಂಕಿನ ಮುಚ್ಚಳ ಒಂದೇ. ಆ ಮುಚ್ಚಳದಲ್ಲಿ ಸೂಜಿಯ ಮೊನೆಯಷ್ಟು ತೂತು ಇರುತ್ತದೆ. ಟ್ಯಾಂಕಿನಲ್ಲಿ ಪೆಟ್ರೋಲ್ ಇಳಿದ ಹಾಗೆ ಆ ತೂತಿನಿಂದ ಗಾಳಿ ಒಳಗೆ ಹೋಗಬೇಕು. ಅದು ಕಟ್ಟಿಕೊಂಡರೆ ಪೆಟ್ರೋಲ್ ಇಳಿಯುವುದಿಲ್ಲ, ಎಂಜಿನ್ ಸ್ವಲ್ಪ ಹೊತ್ತು ಓಡಿ ಉಸಿರು ಕಟ್ಟಿದಂತೆ ನಿಂತುಬಿಡುತ್ತದೆ. ಚಿಕ್ಕಮ್ಮನ ಪಂಪಿನ ಮುಚ್ಚಳದಲ್ಲಿ ಕುಂಡದ ಮಣ್ಣು ಗಟ್ಟಿಯಾಗಿ ಕೂತಿತ್ತು. ಅಪ್ಪ ಅದನ್ನು ನೋಡಿದ್ದ. ಬೇರೆಯವರ ಪಂಪಾಗಿದ್ದರೆ ಅಲ್ಲೇ ತಂತಿ ತೆಗೆದುಕೊಂಡು ಚುಚ್ಚಿ ಬಿಡಿಸುತ್ತಿದ್ದ. ಮನೆಯವರದು ತಾನೆ, ನಾಳೆ ಮಾಡಿದರಾಯಿತು ಎಂದು ಬಿಟ್ಟ. ಅಷ್ಟರಲ್ಲಿ ಚಿಕ್ಕಪ್ಪ ಬಂದು ಪಂಪನ್ನು ಹೇರಿಕೊಂಡು ಹೋದ. ದೀಪದ ಬುಡದಲ್ಲೇ ಕತ್ತಲು ಎನ್ನುವುದು ಇದಕ್ಕೇ.

ಮರುದಿನ ಚಿಕ್ಕಮ್ಮ ಫೋನ್ ಮಾಡಿ ಪಂಪು ನಿಂತು ನಿಂತು ಹೋಗುತ್ತಿದೆ ಎಂದಳು. ಅಪ್ಪ ಊಟ ಮುಗಿಸಿ ಅಡ್ಡಾಗಿದ್ದ. ಮಲಗಿದಲ್ಲಿಂದಲೇ ಹೇಳಿದನಂತೆ: “ಮುಚ್ಚಳ ಒಂದು ಸುತ್ತು ಸಡಿಲ ಬಿಟ್ಟು ಓಡಿಸು. ಸಂಜೆ ಬಂದು ನೋಡ್ತೀನಿ.”

ಸಂಜೆ ಹೋಗಲಿಲ್ಲ. ಅದರ ಮರುದಿನವೂ ಹೋಗಲಿಲ್ಲ. ಮುಚ್ಚಳ ಸಡಿಲವಾದ ಮೇಲೆ ಪಂಪು ಚೆನ್ನಾಗಿಯೇ ಓಡಿತು, ಹಾಗಾಗಿ ಅವಳೂ ಮತ್ತೆ ಫೋನ್ ಮಾಡಲಿಲ್ಲ. ನಾಳೆ ಎಂದವನ ಮನೆ ಹಾಳು ಎನ್ನುತ್ತಾರೆ. ಇಲ್ಲಿ ನಾಳೆ ಎಂದವನ ಮನೆ ನೆಟ್ಟಗೇ ಇತ್ತು, ಹಾಳಾದದ್ದು ನಂಬಿದವಳ ಕೈ.

ಪೆಟ್ರೋಲ್ ಮುಗಿದಾಗ ಚಿಕ್ಕಮ್ಮ ಪಾಠದ ಪ್ರಕಾರವೇ ಪಂಪು ನಿಲ್ಲಿಸಿ ಕಾದಳು. ತಣ್ಣಗಾದ ಮೇಲೆ ಪೆಟ್ರೋಲ್ ಹಾಕಿದಳು, ಎರಡು ಬೆರಳು ಜಾಗ ಬಿಟ್ಟಳು, ಭಾವ ಹೇಳಿದ ಹಾಗೆ ಮುಚ್ಚಳವನ್ನು ಸಡಿಲವಾಗಿ ಕೂರಿಸಿ ಹಗ್ಗ ಎಳೆದಳು. ಪಂಪು ಓಡತೊಡಗಿತು. ತುಂಬಿದ ಟ್ಯಾಂಕು, ಗಡಗಡ ನಡುಗುವ ಎಂಜಿನ್. ಅವಳು ಬಗ್ಗಿ ಪೈಪಿನ ಕ್ಲಿಪ್ಪು ಬಿಗಿ ಮಾಡುತ್ತಿದ್ದಳು. ಅಲುಗಿ ಅಲುಗಿ ಮುಚ್ಚಳ ಕಳಚಿ, ಪೆಟ್ರೋಲ್ ತುಳುಕಿ, ಆಗಷ್ಟೇ ಕಾದ ಸೈಲೆನ್ಸರ್ ಮೇಲೆ ಬಿತ್ತು. ಭಗ್ಗೆಂದು ಹೊತ್ತಿಕೊಂಡ ಬೆಂಕಿ ಅವಳ ಬಲಗೈಯನ್ನು ಮೊಣಕೈಯವರೆಗೆ ಹಿಡಿಯಿತು. ಆ ನೋವಿನಲ್ಲೂ ಎಡಗೈಯಿಂದ ಕುಂಡಕ್ಕೆ ತುಂಬುವ ಮಣ್ಣಿನ ಚೀಲವನ್ನು ಎಳೆದು ಪಂಪಿನ ಮೇಲೆ ಸುರಿದು ಬೆಂಕಿ ಆರಿಸಿದಳು, ನೀರು ಹಾಕಲಿಲ್ಲ. ಅದೂ ಅಪ್ಪನ ಪಾಠವೇ.

ಆಸ್ಪತ್ರೆಯಲ್ಲಿ ಕೈಗೆಲ್ಲ ಬ್ಯಾಂಡೇಜು ಸುತ್ತಿಕೊಂಡು ಮಲಗಿದ್ದಾಗ ಅವಳು ಒಂದೇ ಮಾತು ಹೇಳುತ್ತಿದ್ದಳು. “ನಾನು ಕಾದಿದ್ದೆ. ಗುಲಾಬಿ ಸಾಲಿನ ಹಣ್ಣೆಲೆ ಎಲ್ಲ ಕಿತ್ತೆ. ಕೈಕಾಲು ತೊಳ್ಕೊಂಡೆ. ಅಂಗೈ ಇಟ್ಟು ನೋಡಿದ ಮೇಲೇನೇ ಪೆಟ್ರೋಲ್ ಹಾಕಿದ್ದು.” ಚಿಕ್ಕಪ್ಪ ನಂಬಲಿಲ್ಲ. ಗಾಬರಿಯಾದ ಗಂಡಸಿಗೆ ಬೈಯಲು ಯಾರಾದರೂ ಬೇಕು, ಹತ್ತಿರದಲ್ಲಿ ಹೆಂಡತಿ ಇದ್ದಳು. ಅವನು ಅಪ್ಪನ ಕಡೆ ತಿರುಗಿ, ನೀವೇ ಹೇಳಿ, ತಣ್ಣಗಾದ ಪಂಪು ಹೀಗೆ ಹೊತ್ತಿಕೊಳ್ಳುತ್ತದಾ ಎಂದು ಕೇಳಿದ. ಮಂಚದ ಸುತ್ತ ನಿಂತವರೆಲ್ಲ ಅಪ್ಪನ ಬಾಯಿಯನ್ನೇ ನೋಡುತ್ತಿದ್ದರು. ಆ ವಿಷಯದಲ್ಲಿ ಅವನ ಮಾತೇ ಕೊನೆಯ ಮಾತು.

“ತಣ್ಣಗಾಗಿದ್ರೆ ಯಾಕೆ ಹೊತ್ಕೊಳ್ಳುತ್ತೆ?” ಎಂದ ಅಪ್ಪ.

ಅಷ್ಟೇ ಅವನು ಹೇಳಿದ್ದು. ಅವಳ ಕಡೆ ನೋಡಲಿಲ್ಲ. ನಾನು ಅಲ್ಲೇ ಕಿಟಕಿಯ ಹತ್ತಿರ ಎಳನೀರು ಹಿಡಿದು ನಿಂತಿದ್ದೆ. ಅಪ್ಪನ ಮುಖ ಬೂದಿಯ ಬಣ್ಣಕ್ಕೆ ತಿರುಗಿದ್ದನ್ನು ನೋಡಿ, ಪಾಪ, ನಾದಿನಿಯ ಸಂಕಟ ನೋಡಲಾಗುತ್ತಿಲ್ಲ ಎಂದುಕೊಂಡೆ.

ಆ ಒಂದು ಮಾತು ತೀರ್ಪಾಯಿತು. ನೋಡಲು ಬಂದವರೆಲ್ಲ ಅದನ್ನೇ ಹಿಡಿದುಕೊಂಡರು. ತಣ್ಣಗಾಗ್ಲಿ ಮಾವನ ನಾದಿನಿಯೇ ತಣ್ಣಗಾಗಲು ಬಿಡಲಿಲ್ಲವಂತೆ ಎಂದು ಬೀದಿಯಲ್ಲಿ ನಗುವವರು ನಕ್ಕರು. ಚಿಕ್ಕಮ್ಮ ಮೊದಮೊದಲು ವಾದ ಮಾಡಿದಳು, ಆಮೇಲೆ ಸುಮ್ಮನಾದಳು. ಮನೆಗೆ ಬಂದ ಮೇಲೆ ಒಂದು ದಿನ ಅಮ್ಮನ ಹತ್ತಿರ, ಹಣ್ಣೆಲೆ ಕಿತ್ತದ್ದು ಹಿಂದಿನ ದಿನವೇ ಇರಬಹುದು ಕಣೇ ಅಕ್ಕ, ನನಗೇ ಸರಿಯಾಗಿ ನೆನಪಿಲ್ಲ ಎಂದಳು. ಸಡಿಲ ಮುಚ್ಚಳದ ಮಾತು ಅವಳ ಬಾಯಿಗೆ ಬರಲೇ ಇಲ್ಲ. ಭಾವ ಹೇಳಿದ್ದು ತಪ್ಪಾಗಿರಬಹುದು ಎಂಬುದು ಅವಳ ಲೆಕ್ಕದಲ್ಲೇ ಇರಲಿಲ್ಲ. ಅವಳು ಅನುಮಾನಿಸಿದ್ದು ತನ್ನನ್ನೇ.

ಹಾಗೆ ಶುರುವಾದದ್ದು ಬೆಳೆಯುತ್ತಾ ಹೋಯಿತು. ಬಾಗಿಲು ಹಾಕಿದೆನಾ ಎಂದು ಅರ್ಧ ದಾರಿಯಿಂದ ತಿರುಗಿ ಹೋಗುವಳು. ಗ್ಯಾಸ್ ಆರಿಸಿದ್ದೀನಾ ನೋಡು ಎಂದು ಮಕ್ಕಳನ್ನು ಅಡುಗೆಮನೆಗೆ ಕಳಿಸುವಳು, ಅವರು ಆರಿಸಿದ್ದೀಯ ಎಂದು ಹೇಳಿದರೂ ತಾನೇ ಎದ್ದು ಹೋಗಿ ನೋಡುವಳು. ಕಿರುಬೆರಳು, ಉಂಗುರಬೆರಳು ಮಡಚಿಕೊಂಡೇ ಉಳಿದವು. ಕಸಿ ಕಟ್ಟಲು ಬೆರಳೇ ಬಂಡವಾಳ. ಕಟ್ಟಿದ ದಾರ ಜಾರಿ ಜಾರಿ ಹೋಗುತ್ತಿತ್ತು. ಇನ್ನು ಪಂಪು ಮುಟ್ಟುವ ಹಾಗಿಲ್ಲ ಎಂದು ಚಿಕ್ಕಪ್ಪ ಕಟ್ಟಪ್ಪಣೆ ಮಾಡಿದ್ದ. ಬಿಂದಿಗೆಯಲ್ಲಿ ಹೊತ್ತು ಹಾಕುವ ನೀರು ಎಷ್ಟು ಸಸಿಗೆ ಸಾಕಾಗುತ್ತದೆ? ಹೊಂಡದಿಂದ ದೂರದ ಸಾಲುಗಳು ಒಣಗಿದವು. ಮಳೆಗಾಲ ಬರುವುದರೊಳಗೆ ನರ್ಸರಿ ಮುಚ್ಚುವ ಮಾತು ಬಂತು. ಚಿಕ್ಕಮ್ಮ ಅದಕ್ಕೂ ಹ್ಞೂಂ ಎಂದಳು. ನನ್ನಂಥ ಮರೆಗುಳಿಗೆ ಯಾಕೆ ಇದೆಲ್ಲ ಎಂದಳಂತೆ. ಅವಳು ಮರೆಗುಳಿ!

ಅಪ್ಪ ಏನು ಮಾಡಿದ? ಬೆಳಿಗ್ಗೆ ಅಂಗಡಿ ತೆರೆಯುವ ಮೊದಲು ಚಿಕ್ಕಮ್ಮನ ನರ್ಸರಿಗೆ ಹೋಗಿ ಎರಡು ಕೈಯಲ್ಲಿ ಎರಡು ಕ್ಯಾನು ಹಿಡಿದು ನೀರು ಹಾಕತೊಡಗಿದ. ಸೊಂಟ ನೋವು ಎಂದು ಮನೆಯಲ್ಲಿ ಬಕೆಟ್ಟು ಎತ್ತದವನು! ಇಂಥ ಷಡ್ಡಕ ಸಿಗಲು ಪುಣ್ಯ ಮಾಡಿರಬೇಕು ಎಂದು ಚಿಕ್ಕಪ್ಪ ಕಂಡಕಂಡವರ ಹತ್ತಿರ ಹೊಗಳಿದ. ಹೊಗಳಿಕೆ ಕೇಳಿದಾಗಲೆಲ್ಲ ಅಪ್ಪ ಕಾಲಿಗೆ ಮುಳ್ಳು ಚುಚ್ಚಿದವನ ಹಾಗೆ ಅಲ್ಲಿಂದ ಎದ್ದು ಹೋಗುತ್ತಿದ್ದ. ಎಷ್ಟು ಸಂಕೋಚ ನೋಡಿ ಎಂದು ಅದಕ್ಕೂ ಹೊಗಳಿದರು.

ಅಂಗಡಿಯಲ್ಲಿ ಅವನಿಗೆ ಮುಚ್ಚಳದ ಹುಚ್ಚು ಹಿಡಿಯಿತು. ಪ್ಲಗ್ ಬದಲಿಸಲು ಬಂದ ಪಂಪಿನ ಮುಚ್ಚಳವನ್ನೂ ಬಿಚ್ಚುವನು, ಬರೀ ಪೈಪು ಕೊಳ್ಳಲು ಬಂದವರ ಗಾಡಿಯಲ್ಲಿದ್ದ ಪಂಪಿನ ಮುಚ್ಚಳವನ್ನೂ ಬಿಚ್ಚುವನು. ಸಣ್ಣ ತಂತಿಯಿಂದ ಚುಚ್ಚಿ, ಬೆಳಕಿಗೆ ಹಿಡಿದು, ಒಂದು ಕಣ್ಣು ಮುಚ್ಚಿ ನೋಡುವನು. ಚಿಕ್ಕಮ್ಮನ ಸುಟ್ಟ ಪಂಪನ್ನು ಅಂಗಡಿಯ ಹಿಂದಿನ ಕೋಣೆಗೆ ತಂದು, ಬೇರೆ ಟ್ಯಾಂಕು ಕೂರಿಸಿ, ಉಜ್ಜಿ ಹೊಳೆಯುವಂತೆ ಮಾಡಿ, ಗೋಣಿ ಮುಚ್ಚಿ ಇಟ್ಟಿದ್ದ. ಅದನ್ನು ಅವಳಿಗೆ ಒಯ್ದು ಕೊಡುವ ಧೈರ್ಯ ಮಾತ್ರ ಅವನಿಗಿರಲಿಲ್ಲ.

ಒಂದು ಮಧ್ಯಾಹ್ನ ನಾನು ಸುಮ್ಮನೆ ಛೇಡಿಸಿದೆ. ಏನಪ್ಪಾ, ಈ ಮುಚ್ಚಳಗಳು ನಿನಗೆ ಏನು ಅನ್ಯಾಯ ಮಾಡಿದವು, ಹೀಗೆ ಚುಚ್ಚುತ್ತಿದ್ದೀಯಲ್ಲ ಎಂದೆ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುತ್ತಾರಲ್ಲ, ಹಾಗಾಯಿತು. ಅವನ ಕೈಯಿಂದ ತಂತಿ ಬಿತ್ತು. “ನಿನಗೆ ಯಾರು ಹೇಳಿದ್ರು?” ಎಂದ. ಯಾರೂ ಏನೂ ಹೇಳಿರಲಿಲ್ಲ. ಆಮೇಲೆ ಅವನೇ ಎಲ್ಲ ಹೇಳಿದ. ಮಣ್ಣು ಕಟ್ಟಿದ ತೂತು, ಮಲಗಿದಲ್ಲಿಂದ ಆಡಿದ ಮಾತು, ಹೋಗದ ಸಂಜೆ, ಆಸ್ಪತ್ರೆಯ ಮಂಚ.

ನನಗೆ ಬಂದ ಸಿಟ್ಟನ್ನು ಏನು ಹೇಳಲಿ. ಮುಚ್ಚಳ ಸಡಿಲ ಬಿಡು ಎಂದದ್ದಕ್ಕಲ್ಲ. ಸೋಮಾರಿತನ ಯಾರಿಗೆ ಇಲ್ಲ? ನಾನೂ ಎಷ್ಟೋ ಸಲ ನಾಳೆ ಎಂದಿದ್ದೇನೆ. ಆದರೆ ಒಬ್ಬ ಹೆಂಗಸು ತನ್ನ ತಲೆಯನ್ನೇ ನಂಬದ ಹಾಗೆ ಆಗುತ್ತಿರುವುದನ್ನು ಕಣ್ಣಾರೆ ನೋಡುತ್ತಾ, ಅವಳ ಗಿಡಕ್ಕೆ ನೀರು ಹಾಕಿಕೊಂಡು ಇದ್ದಾನಲ್ಲ ಇವನು! ಅವಳಿಗೆ ನೀರು ಬೇಕಾಗಿಲ್ಲ ಅಪ್ಪ, ನಿಜ ಬೇಕಾಗಿದೆ ಎಂದೆ. ಹೇಳುತ್ತೇನೆ, ಸ್ವಲ್ಪ ದಿನ ಹೋಗಲಿ ಎಂದ. ಹೇಳಿದರೆ ಅವಳು ಮುಖ ನೋಡುವುದಿಲ್ಲ, ಅಮ್ಮ ಏನೆಂದುಕೊಳ್ಳುತ್ತಾಳೆ, ಇನ್ನು ಈ ಅಂಗಡಿಗೆ ಯಾರು ಬರುತ್ತಾರೆ ಎಂದ. ಅಪ್ಪ ಅಳುವುದನ್ನು ನಾನು ನೋಡಿದ್ದು ಅದೇ ಮೊದಲು. ನನಗೆ ಅಯ್ಯೋ ಎನಿಸಿತು, ಆದರೂ ಕರಗಲಿಲ್ಲ. ನರ್ಸರಿ ಮುಚ್ಚುವುದರೊಳಗೆ ನೀನು ಹೇಳದಿದ್ದರೆ ನಾನು ಹೇಳುತ್ತೇನೆ ಎಂದೆ. ಅವತ್ತಿನಿಂದ ಆ ನುಂಗಲಾರದ ತುತ್ತು ನನ್ನ ಗಂಟಲಲ್ಲೂ ಕೂತಿತು. ಚಿಕ್ಕಮ್ಮ ಎದುರಿಗೆ ಬಂದರೆ ನಾನೂ ನೆಲ ನೋಡುವಂತಾಯಿತು.

ಅಷ್ಟರಲ್ಲಿ ತೋಟಗಾರಿಕೆ ಕಚೇರಿಯಿಂದ ಕರೆ ಬಂತು. ಪಂಪು ಬಳಸುವವರನ್ನು ಸೇರಿಸಿ ಅಪ್ಪನಿಂದ ಪಾಠ ಹೇಳಿಸುವುದು ಅಲ್ಲಿನ ವಾಡಿಕೆ. ಈ ಸಲ ಆ ಕಚೇರಿಯ ಮೇಡಂಗೆ ಒಂದು ಹೊಸ ಯೋಚನೆ ಹೊಳೆದಿತ್ತು. ನಿಮ್ಮ ನಾದಿನಿಯನ್ನೂ ಕರೆದುಕೊಂಡು ಬನ್ನಿ, ಅವರ ಕೈ ನೋಡಿದರೆ ಜನಕ್ಕೆ ಬುದ್ಧಿ ಬರುತ್ತದೆ ಎಂದರು. ಅಪ್ಪ ಬೇಡ, ಅವಳಿಗೆ ಸಂಕೋಚ ಎಂದ. ಮೇಡಂ ನೇರ ಚಿಕ್ಕಮ್ಮನಿಗೇ ಫೋನ್ ಮಾಡಿದರು. ನನ್ನ ಕೈ ನೋಡಿ ಒಬ್ಬರಾದರೂ ಉಳಿದರೆ ಸಾಕು ಎಂದು ಅವಳು ಒಪ್ಪಿಕೊಂಡಳು.

ಕಚೇರಿಯ ಹಿಂದೆ ತಗಡಿನ ಶೆಡ್ಡು. ಪ್ಲಾಸ್ಟಿಕ್ ಕುರ್ಚಿಗಳ ಮೇಲೆ ಜನ. ಚಿಕ್ಕಪ್ಪ ಹಿಂದಿನ ಸಾಲಿನಲ್ಲಿ, ಅಮ್ಮ ಮತ್ತು ನಾನು ಪಕ್ಕದಲ್ಲಿ. ಅಪ್ಪ ಮೇಜಿನ ಮೇಲೆ ಪಂಪು ಇಟ್ಟುಕೊಂಡು ಪಾಠ ಶುರು ಮಾಡಿದ. ಸಮನಾದ ನೆಲ, ಹೊಟ್ಟೆಗೆ ನೀರು, ಆಯಿಲ್. ಧ್ವನಿಯಲ್ಲಿ ಎಂದಿನ ಕಸುವಿರಲಿಲ್ಲ. ಪೆಟ್ರೋಲ್ ಹಾಕುವ ವಿಷಯ ಬಂದಾಗ ಮೇಡಂ ಚಿಕ್ಕಮ್ಮನನ್ನು ಮುಂದೆ ಕರೆದರು. ಅವಳು ಸೆರಗು ಸರಿಸಿ ಸುಟ್ಟ ಕೈ ಎತ್ತಿ ತೋರಿಸಿದಳು.

“ನಾನು ಕಾಯ್ಲಿಲ್ಲ” ಎಂದಳು. “ನಮ್ಮ ಭಾವ ನೂರು ಸಲ ಹೇಳಿದ್ರು. ಆದ್ರೂ ಅವಸರ ಮಾಡಿದೆ. ಬಿಸಿ ಇರುವಾಗ್ಲೇ ಹಾಕ್ದೆ. ತಪ್ಪು ನಂದೇ.”

ಜನ ಲೊಚಗುಟ್ಟಿದರು. ಅವಳು ಅದನ್ನು ಬಾಯಿಪಾಠ ಮಾಡಿಕೊಂಡು ಬಂದವಳಂತೆ ಹೇಳಿದ್ದಳು, ನಂಬಿಯೇ ಹೇಳಿದ್ದಳು. ನಾನು ಅಪ್ಪನನ್ನೇ ನೋಡುತ್ತಿದ್ದೆ. ಇವತ್ತೂ ಬಾಯಿ ತೆರೆಯದಿದ್ದರೆ ನಾನೇ ಎದ್ದು ನಿಲ್ಲುವವಳಿದ್ದೆ. ಅಪ್ಪ ಪಂಪಿನ ಮುಚ್ಚಳ ಬಿಚ್ಚಿ ಕೈಯಲ್ಲಿ ಹಿಡಿದುಕೊಂಡಿದ್ದ.

“ಅವಳು ಕಾದಿದ್ಲು” ಎಂದ ಅಪ್ಪ.

ಮೊದಲು ಯಾರಿಗೂ ಅರ್ಥವಾಗಲಿಲ್ಲ. ಅವನು ಮುಚ್ಚಳವನ್ನು ಎಲ್ಲರಿಗೂ ಕಾಣುವಂತೆ ಎತ್ತಿ ಹಿಡಿದ. “ಪಂಪು ತಣ್ಣಗಾಗಿತ್ತು. ಮುಚ್ಚಳ ಸಡಿಲ ಇತ್ತು, ಅದಕ್ಕೇ ಹೊತ್ಕೊಂಡಿದ್ದು. ಸಡಿಲ ಬಿಡು ಅಂದಿದ್ದು ನಾನು. ಇದರ ತೂತು ಕಟ್ಕೊಂಡಿದೆ ಅಂತ ನನಗೆ ಗೊತ್ತಿತ್ತು, ಬಿಡಿಸಲಿಲ್ಲ. ಆಸ್ಪತ್ರೇಲಿ ಕೇಳಿದಾಗ್ಲೂ ಹೇಳಲಿಲ್ಲ. ತಪ್ಪು ನಂದು.”

ಅಮ್ಮ ನನ್ನ ಕೈ ಹಿಡಿದು ಹಿಂಡಿದಳು. ಚಿಕ್ಕಮ್ಮ ಅಳುತ್ತಾಳೆ, ಬೈಯುತ್ತಾಳೆ ಎಂದುಕೊಂಡೆ. ಅವಳು ಅಪ್ಪನನ್ನು ನೋಡಲೂ ಇಲ್ಲ. ಎಲ್ಲೋ ದೂರದಲ್ಲಿ ಏನನ್ನೋ ಹುಡುಕುವವಳಂತೆ ಹುಬ್ಬು ಗಂಟಿಕ್ಕಿ ನಿಂತಿದ್ದಳು.

“ಹಾಗಾದ್ರೆ ನಾನು ಕಾದಿದ್ದೆ” ಎಂದಳು ತನಗೆ ತಾನೇ.

ಆಮೇಲೆ ಹಿಂದಿನ ಸಾಲಿನಲ್ಲಿದ್ದ ಚಿಕ್ಕಪ್ಪನ ಕಡೆ ತಿರುಗಿದಳು. “ಕೇಳಿಸ್ತಾ? ನಾನು ಕಾದಿದ್ದೆ. ಗುಲಾಬಿ ಸಾಲಿನ ಹಣ್ಣೆಲೆ ಕಿತ್ತಿದ್ದೆ. ಕೊನೇ ಕುಂಡದ ಗುಲಾಬೀಲಿ ಒಂದು ಮೊಗ್ಗಿತ್ತು, ಅದಕ್ಕೆ ಹುಳ ಬಿದ್ದಿತ್ತು, ತೆಗೆದು ಬಿಸಾಕಿದ್ದೆ. ಕೈಕಾಲು ತೊಳ್ಕೊಂಡಿದ್ದೆ. ಅಂಗೈ ಇಟ್ಟು ನೋಡಿದ್ದೆ.” ಒಂದೊಂದೇ ಹೇಳುತ್ತಾ ಹೋದಂತೆ ಅವಳ ಧ್ವನಿ ಗಟ್ಟಿಯಾಗುತ್ತಾ ಹೋಯಿತು. ಚಿಕ್ಕಪ್ಪ ತನ್ನ ಚಪ್ಪಲಿ ನೋಡುತ್ತಾ ಕೂತಿದ್ದ. ಅವಳು ಹೇಳಿ ಮುಗಿಸಿ, ಸೆರಗು ಹೊದ್ದುಕೊಂಡು, ಯಾರಿಗೂ ಕಾಯದೆ ಮನೆಗೆ ನಡೆದಳು.

ಅಂಗಡಿಗೆ ಯಾರೂ ಬರುವುದಿಲ್ಲ ಎಂದು ಅಪ್ಪ ಹೆದರಿದ್ದನಲ್ಲ, ಹಾಗೇನೂ ಆಗಲಿಲ್ಲ. ಕೆಲವರು ಬಿಟ್ಟರು, ಉಳಿದವರು ಬಂದರು. ಬಂದವರು ತಮ್ಮ ಮುಚ್ಚಳದ ತೂತನ್ನು ತಾವೇ ಬೆಳಕಿಗೆ ಹಿಡಿದು ನೋಡಿಕೊಂಡು ಹೋಗತೊಡಗಿದರು. ಅದನ್ನು ಅಪ್ಪ ಬಾಯಿಮುಚ್ಚಿ ಸಹಿಸಿದ. ಅಮ್ಮ ಬಹಳ ದಿನ ಅವನ ತಟ್ಟೆಯನ್ನು ಸದ್ದು ಮಾಡಿಯೇ ಕುಕ್ಕಿದಳು. ಚಿಕ್ಕಮ್ಮ ನಮ್ಮ ಮನೆಯ ಕಡೆ ತಲೆ ಹಾಕಲಿಲ್ಲ. ಅಪ್ಪ ಬೆಳಿಗ್ಗೆ ಕ್ಯಾನು ಹಿಡಿದು ಹೋದರೆ ನರ್ಸರಿಯ ಗೇಟಿಗೆ ಒಳಗಿನಿಂದ ಚಿಲಕ ಹಾಕಿರುತ್ತಿತ್ತು.

ಮುಂದಿನ ಬೇಸಿಗೆ ಕಾಲಿಡುವ ಹೊತ್ತಿಗೆ ಅವಳೇ ಅಂಗಡಿಗೆ ಬಂದಳು. ನರ್ಸರಿ ಮುಚ್ಚುವುದಿಲ್ಲ, ನನ್ನ ಪಂಪು ಕೊಡಿ ಎಂದಳು. ಅಪ್ಪ ಓಡಿಹೋಗಿ ಗೋಣಿ ಸರಿಸಿ ಅದನ್ನು ಹೊರಗೆ ತಂದ. ಅವಳು ಮುಚ್ಚಳ ಬಿಚ್ಚಿ ತೂತನ್ನು ಬೆಳಕಿಗೆ ಹಿಡಿದು ನೋಡಿದಳು, ಬಿಗಿಯಾಗಿ ಹಾಕಿದಳು, ಪಂಪಿನ ಹೊಟ್ಟೆಗೆ ನೀರು ತುಂಬಿದಳು, ಮಡಚಿದ ಬೆರಳುಗಳಿಂದಲೇ ಹಗ್ಗ ಹಿಡಿದು ಎಳೆದಳು. ಪಂಪು ಓಡಿತು. ಟ್ಯಾಂಕಿನಲ್ಲಿದ್ದ ಚೂರುಪಾರು ಪೆಟ್ರೋಲ್ ಮುಗಿಯುವವರೆಗೂ ಓಡಿಸಿ ನೋಡಿದಳು. ಮನೆಗೆ ಒಯ್ಯುವ ಮೊದಲು ಪೆಟ್ರೋಲ್ ಬೇಕಿತ್ತು. ಯಾರೂ ಹೇಳದೆ ಹೋಗಿ ಬೆಂಚಿನ ಮೇಲೆ ಕೂತಳು.

ಅಪ್ಪ ಕ್ಯಾನು ಹಿಡಿದು ಅವಳ ಎದುರಿಗೆ ನಿಂತ. ಏನೇನೋ ಹೇಳಲು ಹೋಗಿ ಕೊನೆಗೆ ಇಷ್ಟೇ ಅಂದ: “ನನ್ನ ಮೇಲೆ ಕೋಪ ಹೋಯ್ತಾ?”

ಚಿಕ್ಕಮ್ಮ ಪಂಪಿನ ಕಡೆ ನೋಡುತ್ತಲೇ, “ತಣ್ಣಗಾಗ್ಲಿ, ಭಾವ” ಎಂದಳು.

ಅಪ್ಪ ಕ್ಯಾನನ್ನು ನೆಲಕ್ಕಿಟ್ಟು ಬೆಂಚಿನ ಇನ್ನೊಂದು ತುದಿಯಲ್ಲಿ ಕೂತ. ಪಂಪು ತಣ್ಣಗಾಯಿತು. ಅವಳು ಅಂಗೈ ಇಟ್ಟು ನೋಡಿ, ತಾನೇ ಪೆಟ್ರೋಲ್ ಹಾಕಿ, ಮುಚ್ಚಳ ಬಿಗಿದು, ಪಂಪನ್ನು ಗಾಡಿಗೆ ಹೇರಿಸಿಕೊಂಡು ಹೋದಳು. ಅಪ್ಪ ಮಾತ್ರ ಬೆಂಚಿನಿಂದ ಏಳಲಿಲ್ಲ.